ಈಚೆ ಮೂರು, ಆಚೆ ಮೂರು

ಆ ಎರಡು ಊರುಗಳ ನಡುವೆ ಎಷ್ಟು ದೂರ ಎಂದು ಕೇಳಿದರೆ ಬಾಯಿಗೊಂದು ಉತ್ತರ. ಲಾರಿಯವರನ್ನು ಕೇಳಿ, ಮುನ್ನೂರ ನಲವತ್ತು ಕಿಲೋಮೀಟರು, ಬೆಟ್ಟದ ಸಾಲು ಸುತ್ತಿಕೊಂಡು ಏಳು ಗಂಟೆ, ನಡುವೆ ಗಾಲಿ ಪಂಕ್ಚರಾದರೆ ದೇವರೇ ಗತಿ ಎನ್ನುತ್ತಾರೆ. ವಿಮಾನದವರನ್ನು ಕೇಳಿ, ನೂರ ತೊಂಬತ್ತು ಎನ್ನುತ್ತಾರೆ. ಬೆಟ್ಟ ಅವರ ಕಾಲಿಗೆ ತೊಡರುವುದಿಲ್ಲವಲ್ಲ. ದೂರದ ವಿಷಯದಲ್ಲಿ ಇಷ್ಟಕ್ಕೇ ಮುಗಿಯಿತು. ಆದರೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಇದೆಯಲ್ಲ, ಅದು ಒಂಬತ್ತು ವರ್ಷ ಇಬ್ಬರು ಒಳ್ಳೆಯವರ ಕೈಯಲ್ಲಿ ಸುಳ್ಳು ಬರೆಸಿತು, ಒಂದು ಮನೆಯಲ್ಲಿ ಗಂಡ ಹೆಂಡಿರ ನಡುವೆ ಜಗಳ ಹಚ್ಚಿತು, ಕೊನೆಗೆ ಒಬ್ಬ ರೋಗಿಯ ಪ್ರಾಣಕ್ಕೇ ಬಂದು ಕೂತಿತು.

ಈಚೆ ಊರಿನ ವಿಮಾನ ನಿಲ್ದಾಣ ಎಂದ ಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಒಂದೇ ಒಂದು ಹಾಲ್, ಹದಿನೆಂಟು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಎರಡಕ್ಕೆ ಬೆನ್ನಿಲ್ಲ. ಸಾಮಾನು ತೂಗುವ ತಕ್ಕಡಿ ಒಂದು, ಅದನ್ನು ನೋಡಿಕೊಳ್ಳುವ ತಕ್ಕಡಿಯವನೊಬ್ಬ. ಗೋಡೆಯ ಮೇಲೆ ದುಂಡನೆಯ ಗಡಿಯಾರ, ಅದರ ಪಕ್ಕ ಸೀಮೆಸುಣ್ಣದಲ್ಲಿ ಸಮಯ ಬರೆಯುವ ಕರಿಹಲಗೆ, ಅದರ ಕೆಳಗೆ ಒಂದು ಕಿಟಕಿ, ಕಿಟಕಿಯ ಬಳಿ ಮೇಜು ಹಾಕಿಕೊಂಡು ಚೀಟಿಯಕ್ಕ. ಹತ್ತೊಂಬತ್ತು ಸೀಟಿನ ಒಂದೇ ವಿಮಾನ ದಿನಕ್ಕೆ ಮೂರು ಸಲ ಆಚೆ ಊರಿಗೆ ಹೋಗಿ ಮೂರು ಸಲ ಬರುತ್ತಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು.

ಚೀಟಿಯಕ್ಕನಿಗೆ ಆ ಹೆಸರು ಬಂದಿದ್ದು ಅವಳು ಬರೆಯುವ ಚೀಟಿಯಿಂದ. ನಿಂತ ವಿಮಾನದ ಗಾಲಿ ಜಾರದ ಹಾಗೆ ಅಡ್ಡಕ್ಕೆ ಒಂದು ಕಟ್ಟಿಗೆ ತುಂಡು ಕೊಟ್ಟಿರುತ್ತಾರೆ. ಹೊರಡುವಾಗ ಅದನ್ನು ಎಳೆಯುತ್ತಾರೆ, ಆಚೆ ಊರಿನಲ್ಲಿ ನಿಂತ ಮೇಲೆ ಅಲ್ಲಿಯವರು ಇನ್ನೊಂದನ್ನು ಕೊಡುತ್ತಾರೆ. ಇಲ್ಲಿ ಕಟ್ಟಿಗೆ ಎಳೆದ ಕ್ಷಣದಿಂದ ಅಲ್ಲಿ ಕಟ್ಟಿಗೆ ಕೊಟ್ಟ ಕ್ಷಣದವರೆಗೆ ಎಷ್ಟೋ, ಅದೇ ಪ್ರಯಾಣದ ಹೊತ್ತು. ಚೀಟಿಯಕ್ಕ ಕಿಟಕಿಯಿಂದ ನೋಡಿ, ಗಡಿಯಾರ ನೋಡಿ, ಹೊರಟ ಸಮಯ ಬರೆದು ಆಚೆಗೆ ಫೋನು ಮಾಡುತ್ತಾಳೆ. ಆಚೆಯವರು ತಲುಪಿದ ಸಮಯ ಬರೆದು ಈಚೆಗೆ ಫೋನು ಮಾಡುತ್ತಾರೆ. ಬಿಳಿ ಪ್ರತಿ ಮೇಲಿನ ಆಫೀಸಿಗೆ, ಗುಲಾಬಿ ಪ್ರತಿ ಫೈಲಿಗೆ. ಕೆಲಸ ಇಷ್ಟೇ. ನೋಡಿದರೆ ಮಕ್ಕಳೂ ಮಾಡಬಹುದು ಅನ್ನಿಸುತ್ತದೆ.

ಮಕ್ಕಳು ಮಾಡಿದ್ದರೆ ಸರಿಯಾಗಿಯೇ ಮಾಡುತ್ತಿದ್ದರೇನೋ. ಚೀಟಿಯಕ್ಕ ಬರೆಯುವ ಪ್ರತಿಯೊಂದು ಸಮಯದಲ್ಲೂ ಮೂರು ನಿಮಿಷದ ಸುಳ್ಳಿತ್ತು.

ಅದು ಶುರುವಾಗಿದ್ದು ಪಾಪ, ಕರುಣೆಯಿಂದಲೇ. ಆಚೆ ಊರಿನಲ್ಲಿ ದೊಡ್ಡಾಸ್ಪತ್ರೆ ಇದೆ, ಈಚೆ ಊರಿನಲ್ಲಿ ಇಲ್ಲ. ಹಾಗಾಗಿ ಬೆಳಗಿನ ವಿಮಾನ ಹತ್ತುವವರಲ್ಲಿ ಅರ್ಧಕ್ಕರ್ಧ ರೋಗಿಗಳು. ಒಬ್ಬರಿಗೆ ಕಾಲು ಬಾರದು, ಒಬ್ಬರಿಗೆ ಉಸಿರು ಸಾಲದು. ಒಂಬತ್ತು ವರ್ಷದ ಹಿಂದೆ ಒಂದು ದಿನ ಗಾಲಿಕುರ್ಚಿಯ ಹೆಂಗಸೊಬ್ಬರನ್ನು ಹತ್ತಿಸುವಾಗ ಮೂರು ನಿಮಿಷ ತಡವಾಯಿತು. ಮೂರು ನಿಮಿಷ ತಡವಾದರೆ ಚೀಟಿಗೆ ಕೆಂಪು ಗೀಟು, ತಿಂಗಳಿಗೆ ಐದು ಕೆಂಪು ಗೀಟು ಬಿದ್ದರೆ ಮೇಲಿನ ಆಫೀಸಿನಿಂದ ಬೈಗುಳದ ಕಾಗದ. ಯಾಕೆ ತಡವಾಯಿತು ಎಂದು ಬರೆಯಲು ಚೀಟಿಯಲ್ಲಿ ಜಾಗವನ್ನೇ ಇಟ್ಟಿರಲಿಲ್ಲ ಪುಣ್ಯಾತ್ಮರು. ಅವತ್ತು ಚೀಟಿಯಕ್ಕ ಒಂಬತ್ತು ಮೂರರ ಬದಲು ಒಂಬತ್ತು ಎಂದು ಬರೆದಳು. ಆಕಾಶ ಕಳಚಿ ಬೀಳಲಿಲ್ಲ. ಮರುದಿನವೂ ಬರೆದಳು. ಆಮೇಲೆ ವಿಮಾನ ಹೊತ್ತಿಗೆ ಸರಿಯಾಗಿ ಹೊರಟ ದಿನವೂ, ಲೆಕ್ಕ ಏರುಪೇರಾಗಬಾರದೆಂದು, ಮೂರು ನಿಮಿಷ ಹಿಂದಕ್ಕೇ ಬರೆಯತೊಡಗಿದಳು. ವಿಮಾನ ಮರಳಿ ಬಂದಾಗ ಮೂರು ನಿಮಿಷ ಮುಂದಕ್ಕೆ ಬರೆದಳು. ಬಂದದ್ದೇ ತಡವಾಗಿ ಎಂದಾದರೆ ಮುಂದಿನ ಹೊರಡುವಿಕೆಗೆ ಕೆಂಪು ಗೀಟಿಲ್ಲ ನೋಡಿ. ಕರುಣೆಯಿಂದ ಮಾಡಿದ್ದು ಅರ್ಧವಾದರೆ ಬೈಸಿಕೊಳ್ಳಬಾರದೆಂದು ಮಾಡಿದ್ದು ಇನ್ನರ್ಧ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಒಂಬತ್ತು ವರ್ಷ ಕುಡಿದಳು. ಅವಳ ನಿಲ್ದಾಣಕ್ಕೆ ಒಂದೂ ಕೆಂಪು ಗೀಟಿಲ್ಲ ಎಂದು ಮೇಲಿನ ಆಫೀಸಿನಲ್ಲಿ ಹೆಸರಾಯಿತು. ಬರುವ ವರ್ಷ ನಿಲ್ದಾಣದ ಮುಖ್ಯಸ್ಥೆಯ ಕುರ್ಚಿ ಅವಳಿಗೇ ಎಂದು ಎಲ್ಲರೂ ಹೇಳುತ್ತಿದ್ದರು.

ಆಚೆ ಕಡೆ ಫೋನು ಎತ್ತುವವರನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಆಚೆಯಣ್ಣ ಎಂದೇ ಅವರ ಹೆಸರು. ಅವಳು ಅವರನ್ನು ಅಣ್ಣಾ ಎನ್ನುತ್ತಿದ್ದಳು, ಅವರು ಅವಳನ್ನು ಅಕ್ಕಾ ಎನ್ನುತ್ತಿದ್ದರು. ಇಬ್ಬರಲ್ಲಿ ಯಾರು ಹಿರಿಯರು ಎಂದು ಇಬ್ಬರಿಗೂ ಗೊತ್ತಿರಲಿಲ್ಲ, ಕೇಳಲು ಇಬ್ಬರಿಗೂ ಸಂಕೋಚ. ದಿನಕ್ಕೆ ಹನ್ನೆರಡು ಫೋನು, ಒಂದೊಂದೂ ಅರ್ಧ ನಿಮಿಷದ್ದು. ಹೊರಟಿತು ಅಣ್ಣಾ, ಒಂಬತ್ತಕ್ಕೆ ಸರಿಯಾಗಿ, ಹದಿನಾಲ್ಕು ಜನ ಎಂದರೆ, ಬರ್ಕೊಂಡೆ ಅಕ್ಕಾ ಎಂದು ಉತ್ತರ. ಒಂಬತ್ತು ವರ್ಷದಲ್ಲಿ ಅವರ ಕೆಮ್ಮು ಕೇಳಿಯೇ ಆ ಊರಿನಲ್ಲಿ ಚಳಿ ಶುರುವಾಯಿತೆಂದು ಹೇಳುವಷ್ಟು ಬಳಕೆಯಾಗಿತ್ತು. ಇನ್ನು ನಾಲ್ಕು ತಿಂಗಳಿಗೆ ಅವರ ನಿವೃತ್ತಿ. ಕಪ್ಪು ಚುಕ್ಕೆಯಿಲ್ಲದ ಸೇವೆಗೆ ಕಂಪನಿಯವರು ಚೌಕಟ್ಟು ಹಾಕಿದ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಗೋಡೆಯಲ್ಲಿ ಮೊಳೆ ಹೊಡೆಸಿ ಆಗಿದೆ ಅಕ್ಕಾ ಎಂದು ಒಮ್ಮೆ ಹೇಳಿ ನಕ್ಕಿದ್ದರು.

ಈಗ ಚೀಟಿಯಕ್ಕನ ಗಂಡನ ವಿಷಯ. ಅವರು ಗಡಿಯಾರ ರಿಪೇರಿಯವರು. ಪೇಟೆಯಲ್ಲಿ ಮೂರಡಿ ಅಗಲದ ಅಂಗಡಿ, ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಎರಡು ವರ್ಷದ ಹಿಂದೆ ಅವರ ಮೂತ್ರಪಿಂಡ ಕೈಕೊಟ್ಟಿತು. ಅಂಗಡಿಗೆ ಬೀಗ ಬಿತ್ತು. ವಾರಕ್ಕೆ ಮೂರು ದಿನ ಬೆಳಗಿನ ವಿಮಾನದಲ್ಲಿ ಆಚೆ ಊರಿಗೆ ಹೋಗಿ, ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ಗಂಟೆ ಮಲಗಿ, ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು, ಸಂಜೆಯ ವಿಮಾನದಲ್ಲಿ ಮನೆಗೆ ಬರುತ್ತಿದ್ದರು. ನಿಲ್ದಾಣದ ನೌಕರರ ಮನೆಯವರಿಗೆ ಟಿಕೆಟ್ಟು ಪುಕ್ಕಟೆ. ಆ ಯಂತ್ರದಿಂದ ಎದ್ದ ಮನುಷ್ಯ ಹಿಂಡಿದ ಬಟ್ಟೆಯ ಹಾಗಿರುತ್ತಾನೆ. ಅಂಥವರನ್ನು ಏಳು ಗಂಟೆ ಬೆಟ್ಟದ ತಿರುವಿನಲ್ಲಿ ಬಸ್ಸಿಗೆ ಹಾಕಿದರೆ ಮನೆಗೆ ಬರುವುದು ಏನು ಎಂದು ಹೇಳಬೇಕಾಗಿಲ್ಲ.

ವಿಮಾನದಲ್ಲಿ ಕೂತು ಅವರು ಮಾಡುವ ಕೆಲಸವೊಂದೇ, ಹೊತ್ತು ನೋಡುವುದು. ಎಡಗಡೆಯ ಎರಡನೆಯ ಸೀಟು, ಅಲ್ಲಿಂದ ಗಾಲಿ ಕಾಣುತ್ತದೆ. ಕಟ್ಟಿಗೆ ಎಳೆದಾಗ ವಾಚು ನೋಡುವರು, ಕಟ್ಟಿಗೆ ಕೊಟ್ಟಾಗ ವಾಚು ನೋಡುವರು, ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆಯುವರು. ನಲವತ್ತೊಂದು ನಿಮಿಷ ಎನ್ನುವರು ಮನೆಗೆ ಬಂದು. ನಲವತ್ತೇಳು ಎನ್ನುವಳು ಇವಳು, ಚೀಟಿಯ ಲೆಕ್ಕ. ಮನಸ್ಸಿನಲ್ಲಿ, ನನ್ನ ಮೂರು ಕಳೆದರೆ ನಲವತ್ತನಾಲ್ಕು, ಇವರ ನಲವತ್ತೊಂದು ಎಲ್ಲಿಂದ ಬಂತು ಎಂದುಕೊಳ್ಳುವಳು. ಒಂದು ದಿನ ತಾಳ್ಮೆಗೆಟ್ಟು, ನಿಮ್ಮ ವಾಚು ಓಡೋದು ಕಡಿಮೆಯಾಗಿದೆ, ಎಲ್ಲಾದರೂ ತೋರಿಸಿ ಎಂದುಬಿಟ್ಟಳು. ಗಡಿಯಾರ ರಿಪೇರಿಯವರಿಗೆ ಹೇಳುವ ಮಾತೇ ಇದು? ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ವಾಚನ್ನು ರೇಡಿಯೋದ ಪಕ್ಕ ಇಟ್ಟು, ವಾರ್ತೆಯ ಹೊತ್ತಿಗೆ ಸರಿಯಾಗಿ ಮುಳ್ಳು ಹನ್ನೆರಡಕ್ಕೆ ಬಂದದ್ದನ್ನು ಬೆರಳಿನಿಂದ ತೋರಿಸಿ ಎದ್ದು ಹೋದರು.

ಹೀಗಿರುವಾಗ ಮೇಲಿನ ಆಫೀಸಿನಿಂದ ಆ ಕಾಗದ ಬಂತು. ಪೈಲಟ್ಟುಗಳು ತಿಂಗಳಿಗೆ ಇಂತಿಷ್ಟು ಗಂಟೆಗಿಂತ ಹೆಚ್ಚು ಹಾರಬಾರದೆಂದು ಹೊಸ ನಿಯಮವಾಗಿದೆ. ಈ ಮಾರ್ಗಕ್ಕೆ ಇರುವುದು ಒಂದೇ ಜೋಡಿ ಪೈಲಟ್ಟು, ಇನ್ನೊಂದು ಜೋಡಿ ಇಡಲು ಕಂಪನಿಗೆ ಶಕ್ತಿಯಿಲ್ಲ. ಪ್ರಯಾಣ ನಲವತ್ತೆರಡು ನಿಮಿಷದೊಳಗೆ ಆಗಿದ್ದರೆ ದಿನಕ್ಕೆ ಆರು ಹಾರಾಟ ನಿಯಮದಲ್ಲಿ ಹಿಡಿಸುತ್ತಿತ್ತು. ಆದರೆ ಎರಡೂ ನಿಲ್ದಾಣಗಳ ಒಂಬತ್ತು ವರ್ಷದ ಚೀಟಿಗಳ ಪ್ರಕಾರ ನಲವತ್ತೇಳು ನಿಮಿಷ ಬೇಕು. ಆದ್ದರಿಂದ ಬರುವ ಒಂದನೇ ತಾರೀಕಿನಿಂದ ಸಂಜೆಯ ವಿಮಾನ ರದ್ದು.

ಚೀಟಿಯಕ್ಕ ಓದಿದಳು. ಮತ್ತೊಮ್ಮೆ ಓದಿದಳು. ತನ್ನ ಕೈಯಾರೆ ಒಂಬತ್ತು ವರ್ಷ ಬರೆದ ಚೀಟಿಗಳೇ ಎದ್ದು ಬಂದು ಗಂಡನ ಹಾದಿಗೆ ಅಡ್ಡ ನಿಂತಿದ್ದವು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಸರಿ, ಆದರೆ ಮಾಡಿದ್ದು ಇವಳು, ಉಣ್ಣಬೇಕಾದವರು ಅವರು. ತಕ್ಕಡಿಯವನು ಏನಕ್ಕಾ ಮುಖ ಹೀಗಾಯ್ತು ಎಂದು ಕೇಳಿದ್ದಕ್ಕೆ, ತಲೆನೋವು ಎಂದಳು.

ಅವತ್ತು ಮನೆಯಲ್ಲಿ, ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು, ಗಂಡನಿಗೆ ಎಲ್ಲವನ್ನೂ ಹೇಳಿದಳು. ಮೂರು ನಿಮಿಷದ ಕಥೆ ಹೇಳುವಾಗ ತಲೆ ಎತ್ತಲಿಲ್ಲ. ನಾಳೆಯೇ ಒಪ್ಪಿಕೊಂಡು ಕಾಗದ ಬರೆಯುತ್ತೇನೆ, ಮುಖ್ಯಸ್ಥೆಯ ಕುರ್ಚಿ ಹೋದರೆ ಹೋಗಲಿ, ಕೆಲಸವೇ ಹೋದರೂ ಹೋಗಲಿ ಎಂದಳು. ಆದರೆ ಅದರಿಂದಲೂ ಏನು ಬಂತು, ನಲವತ್ತೇಳರಲ್ಲಿ ಮೂರು ಕಳೆದರೆ ನಲವತ್ತನಾಲ್ಕು, ಅದೂ ಹಿಡಿಸುವುದಿಲ್ಲ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಗಡಿಯಾರದವರು ಬೈಯಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಅವಳ ಮುಂದಿಟ್ಟರು. ಎರಡು ವರ್ಷದ ಪ್ರಯಾಣ, ಹೋದದ್ದೊಂದು ಸಾಲು, ಬಂದದ್ದೊಂದು ಸಾಲು. ನಲವತ್ತೊಂದು, ನಲವತ್ತೊಂದು, ನಲವತ್ತು, ನಲವತ್ತೊಂದು, ಎದುರುಗಾಳಿ ಇದ್ದ ದಿನ ನಲವತ್ತೆರಡು.

"ನನ್ನ ವಾಚು ಸರಿಯಾಗಿದೆ ಕಣೇ," ಎಂದರು. "ಈಗಲಾದ್ರೂ ನಂಬು."

ಅವಳು ಪುಟ ತಿರುಗಿಸುತ್ತಾ ಹೋದಳು. ವಾಚು ಸರಿ ಎಂದಾದರೆ ಸುಳ್ಳು ಮೂರಲ್ಲ, ಆರು. ಮೂರು ತನ್ನದು. ಇನ್ನು ಮೂರು? ಹೊರಟ ಸಮಯ ಬರೆಯುವವಳು ತಾನು, ತಲುಪಿದ ಸಮಯ ಬರೆಯುವವರು... ಅವಳ ಕೈ ಪುಟದ ಮೇಲೆಯೇ ನಿಂತಿತು. ಅಲ್ಲಿಯೂ ಗಾಲಿಕುರ್ಚಿಗಳಿವೆ, ಅಲ್ಲಿಯೂ ಕೆಂಪು ಗೀಟಿದೆ, ಅಲ್ಲಿಯೂ ಒಬ್ಬ ಮನುಷ್ಯ ಕಿಟಕಿಯ ಬಳಿ ಪೆನ್ನು ಹಿಡಿದು ಕೂತಿದ್ದಾನೆ. ತಾನು ಮೂರು ಹಿಂದಕ್ಕೆ ಹಾಕಿದ್ದು ಅವರಿಗೆ ಗೊತ್ತಿಲ್ಲ, ಅವರು ಮೂರು ಮುಂದಕ್ಕೆ ಹಾಕಿದ್ದು ತನಗೆ ಗೊತ್ತಿಲ್ಲ. ಇಬ್ಬರೂ ನಲವತ್ತನಾಲ್ಕೇ ನಿಜವೆಂದು ನಂಬಿ ಕೂತಿದ್ದರು!

ಗಂಡನ ಮುಖ ನೋಡಿದಳು. ಅವರು ಗೋಡೆ ನೋಡುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಸಂಜೆಯ ವಿಮಾನದವರೆಗೆ ಆಚೆಯಣ್ಣ ಅವರನ್ನು ತಮ್ಮ ಕೋಣೆಯ ಬೆಂಚಿನ ಮೇಲೆ ಮಲಗಿಸುತ್ತಿದ್ದರು, ತಲೆಗೆ ತಮ್ಮ ಕೋಟು ಮಡಿಸಿ ಕೊಡುತ್ತಿದ್ದರು, ಗಾಲಿಕುರ್ಚಿಯನ್ನು ಬೇರೆಯವರಿಗೆ ಬಿಡದೆ ತಾವೇ ತಳ್ಳಿಕೊಂಡು ವಿಮಾನದ ಮೆಟ್ಟಿಲವರೆಗೆ ತರುತ್ತಿದ್ದರು. ಇದನ್ನೆಲ್ಲ ಎರಡು ವರ್ಷದಿಂದ ಮನೆಯಲ್ಲಿ ಕೇಳಿದ್ದಳು. ಅಂಥವರ ಗೋಡೆಯ ಮೊಳೆಗೆ ಏನು ತೂಗುಹಾಕಲಿ, ಚಾಡಿ ಕಾಗದವೇ?

ಹಾಗೆಂದು ಸುಮ್ಮನಿದ್ದರೆ ಗಂಡನನ್ನು ಕಳೆದುಕೊಳ್ಳಬೇಕು. ಅತ್ತ ದರಿ, ಇತ್ತ ಪುಲಿ. ಅವಳು ಪುಸ್ತಕ ಮುಚ್ಚಿದಳು. ಆಮೇಲೆ ಒಂದು ಬಿಳಿ ಹಾಳೆ ತಂದು, ಅಡಿಗೆಮನೆಯ ಕಟ್ಟೆಯ ಮೇಲೆಯೇ ಇಟ್ಟುಕೊಂಡು ಬರೆದಳು. ಹೊರಡುವ ಸಮಯವನ್ನು ಆರು ನಿಮಿಷ ಹಿಂದಕ್ಕೂ, ಬರುವ ಸಮಯವನ್ನು ಆರು ನಿಮಿಷ ಮುಂದಕ್ಕೂ ಒಂಬತ್ತು ವರ್ಷ ನಾನೇ ಬರೆದಿದ್ದೇನೆ. ಆಚೆ ನಿಲ್ದಾಣದವರು ಬರೆದದ್ದೆಲ್ಲ ಸರಿ. ನಿಜವಾದ ಹೊತ್ತು ನಲವತ್ತೊಂದು. ಶಿಕ್ಷೆ ನನಗಿರಲಿ, ಸಂಜೆಯ ವಿಮಾನ ನಿಲ್ಲಿಸಬೇಡಿ. ಗಂಡ ಓದಿ ನೋಡಿ, ಲಕೋಟೆಗೆ ಅಂಟು ಹಚ್ಚಿಕೊಟ್ಟರು.

ಹತ್ತು ದಿನ ಸುದ್ದಿಯೇ ಇಲ್ಲ. ಫೋನಿನಲ್ಲಿ ಆಚೆಯಣ್ಣನ ದನಿ ಯಾಕೋ ಸಣ್ಣದಾಗಿತ್ತು. ಇವಳದೂ ಆಗಿತ್ತು. ಇಬ್ಬರೂ ಹವಾಮಾನದ ಮಾತೂ ಆಡದೆ ಫೋನು ಇಡುತ್ತಿದ್ದರು.

ಹನ್ನೊಂದನೆಯ ದಿನ, ಬುಧವಾರ, ಗಡಿಯಾರದವರು ಬೆಳಗಿನ ವಿಮಾನದಲ್ಲಿ ಆಸ್ಪತ್ರೆಗೆ ಹೋದ ದಿನ, ಮಧ್ಯಾಹ್ನದ ವಿಮಾನದಿಂದ ಪೆನ್ಸಿಲ್ ಸಾಹೇಬರು ಇಳಿದರು. ಮೇಲಿನ ಆಫೀಸಿನ ತಪಾಸಣೆಯವರು ಇವರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುವುದರಿಂದ ಆ ಹೆಸರು. ನಗು ಎಂಬುದನ್ನು ಅವರು ಸೇವೆಗೆ ಸೇರುವಾಗಲೇ ಒಪ್ಪಿಸಿಬಿಟ್ಟಿದ್ದರೆಂದು ನೌಕರರು ಆಡಿಕೊಳ್ಳುತ್ತಿದ್ದರು. ಬೆಳಿಗ್ಗೆಯೆಲ್ಲ ಆಚೆ ನಿಲ್ದಾಣದಲ್ಲಿ ಕೂತು ಬಂದಿದ್ದರು. ಸಾಮಾನಿನ ಕೋಣೆಗೆ ಅವಳನ್ನು ಕರೆದು, ಬಾಗಿಲು ಮುಂದೆ ಮಾಡಿ, ಅವಳ ಕಾಗದವನ್ನು ಒಂದು ಪೆಟ್ಟಿಗೆಯ ಮೇಲಿಟ್ಟರು.

ಇದರಲ್ಲಿ ಬರೆದದ್ದು ನಿಜವೇ ಎಂದು ಕೇಳಿದರು. ನಿಜ ಎಂದಳು. ಆರೂ ನಿಮಿಷ ನಿಮ್ಮದೇ? ಆರೂ ನನ್ನದೇ. ಮೂರು ಸಲ ಕೇಳಿದರು, ಮೂರು ಸಲವೂ ಅದೇ ಹೇಳಿದಳು. ಆಗ ಅವರು ಚೀಲದಿಂದ ಇನ್ನೊಂದು ಕಾಗದ ತೆಗೆದು ಅದರ ಪಕ್ಕದಲ್ಲಿಟ್ಟರು.

ಅಕ್ಷರ ಬೇರೆ, ಗುಂಡಗುಂಡಗೆ, ಹಳೆಯ ಕಾಲದ ಕೈಬರಹ. ತಾರೀಕು ಅದರದೂ ಅದೇ. ತಲುಪಿದ ಸಮಯವನ್ನು ಆರು ನಿಮಿಷ ಮುಂದಕ್ಕೂ, ಹೊರಡುವ ಸಮಯವನ್ನು ಆರು ನಿಮಿಷ ಹಿಂದಕ್ಕೂ ಒಂಬತ್ತು ವರ್ಷ ನಾನೇ ಬರೆದಿದ್ದೇನೆ. ಈಚೆ ನಿಲ್ದಾಣದ ಅಕ್ಕ ಬರೆದದ್ದೆಲ್ಲ ಸರಿ. ಅವರ ಯಜಮಾನರು ವಾಚು ನೋಡಿ ನನಗೂ ಹೇಳಿದಂತೆ ನಿಜವಾದ ಹೊತ್ತು ನಲವತ್ತೊಂದು, ಅವರು ಈ ವಿಮಾನದಿಂದಲೇ ಬದುಕಿದ್ದಾರೆ. ನನ್ನ ನಿವೃತ್ತಿ ಹತ್ತಿರವಿದೆ, ಏನು ಶಿಕ್ಷೆ ಕೊಟ್ಟರೂ ಸರಿ.

ಚೀಟಿಯಕ್ಕನ ಕಣ್ಣು ತುಂಬಿ ಸಾಲುಗಳು ಕಲಸಿಹೋದವು. ಪೆನ್ಸಿಲ್ ಸಾಹೇಬರು ಕಿವಿಯ ಪೆನ್ಸಿಲ್ ತೆಗೆದರು.

"ಅವರು ಬೆಳಿಗ್ಗೆ ನಾಲ್ಕು ಸಲ ಕೇಳಿದ್ರೂ ಆರೂ ನಂದೇ ಅಂದ್ರು. ನೀವೂ ಆರೂ ನಂದೇ ಅಂತೀರಿ. ನಲವತ್ತೇಳರಲ್ಲಿ ಹನ್ನೆರಡು ಕಳೆದ್ರೆ ಮೂವತ್ತೈದು. ಪೈಲಟ್ಟಿನ ಪುಸ್ತಕದಲ್ಲಿ ಗಾಳಿಯಲ್ಲಿರೋ ಹೊತ್ತೇ ಮೂವತ್ತಾರು ನಿಮಿಷ ಅಂತಿದೆ. ನಿಮ್ಮಿಬ್ಬರನ್ನ ನಂಬಿದ್ರೆ ನಾವು ಗಾಲಿಗೆ ಕಟ್ಟಿಗೆ ಕೊಡೋ ಹೊತ್ತಿಗೆ ವಿಮಾನ ಇನ್ನೂ ಮೇಲೇ ಇರುತ್ತೆ."

ಯಾರು ಸುಳ್ಳು ಹೇಳುತ್ತಿದ್ದೀರಿ ಎಂದು ಕೇಳಿದರು. ಅವಳು ಬಾಯಿ ಬಿಡಲಿಲ್ಲ. ನನ್ನದು ಮೂರು ಎಂದರೆ ಉಳಿದ ಮೂರು ಯಾರದೆಂದು ಗೋಡೆಗೂ ತಿಳಿಯುತ್ತದೆ. ತಲೆಯ ಮೇಲೆ ತಲೆ ಬಿದ್ದರೂ ಅದೊಂದನ್ನು ಹೇಳಲಾರೆ ಎಂದು ಮನಸ್ಸು ಗಟ್ಟಿ ಮಾಡಿ ನಿಂತಳು. ಸಾಹೇಬರು ಎರಡೂ ಕಾಗದ ಮಡಿಸಿ, ಸಂಜೆಯ ವಿಮಾನಕ್ಕೆ ನೀವೂ ನನ್ನ ಜೊತೆ ಬನ್ನಿ, ಚೀಟಿಯ ಪುಸ್ತಕ ತನ್ನಿ ಎಂದರು.

ಒಂಬತ್ತು ವರ್ಷ ವಿಮಾನ ಕಳಿಸಿದವಳು ಒಂದು ದಿನವೂ ಹತ್ತಿರಲಿಲ್ಲ. ಸೀಟಿನಲ್ಲಿ ಕೂತಾಗ, ತಾನು ದಿನವೂ ಕೂರುವ ಕಿಟಕಿ ಹೊರಗಿನಿಂದ ಇಷ್ಟು ಚಿಕ್ಕದಾಗಿ ಕಾಣುತ್ತದೆಯೇ ಅನ್ನಿಸಿತು. ಗಂಡ ಕೂರುವ ಎಡಗಡೆಯ ಎರಡನೆಯ ಸೀಟಿನಲ್ಲೇ ಕೂತಿದ್ದಳು. ನಾಲ್ಕು ಗಂಟೆಯಾಯಿತು. ಅಷ್ಟರಲ್ಲಿ ಹಾಲ್‌ನ ಬಾಗಿಲಿನಿಂದ ಊರುಗೋಲು ಹಿಡಿದ ಅಜ್ಜಿಯೊಬ್ಬರು ಹೊರಬಂದರು, ಹಿಂದೆ ತಕ್ಕಡಿಯವನು ಅವರ ಗಂಟು ಹಿಡಿದು. ಒಂದೊಂದು ಹೆಜ್ಜೆಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಪೈಲಟ್ಟು ಹಿಂದಿರುಗಿ ನೋಡಿದ. ಸಾಹೇಬರು ವಾಚು ನೋಡಿದರು. ಚೀಟಿಯಕ್ಕ ಎದ್ದು ನಿಂತು, ಅವರು ಹತ್ತಲಿ, ಕಾಯಿರಿ ಎಂದಳು. ಕಟ್ಟಿಗೆ ಎಳೆದಾಗ ನಾಲ್ಕು ಗಂಟೆ ನಾಲ್ಕು ನಿಮಿಷ.

ಚೀಟಿಯ ಪುಸ್ತಕ ತೊಡೆಯ ಮೇಲಿತ್ತು. ಕೈಗೆ ಒಂಬತ್ತು ವರ್ಷದ ರೂಢಿ, ತಾನಾಗಿಯೇ ನಾಲ್ಕು ಗಂಟೆ ಒಂದು ನಿಮಿಷದ ಕಡೆಗೆ ಹೊರಟಿತು. ಹಿಡಿದು ನಿಲ್ಲಿಸಿದಳು. ನಾಲ್ಕು ಗಂಟೆ ನಾಲ್ಕು ನಿಮಿಷ ಎಂದೇ ಬರೆದಳು.

ವಿಮಾನ ಮೇಲೆದ್ದಿತು. ಏಳು ಗಂಟೆ ಸುತ್ತಿಸುವ ಬೆಟ್ಟ ಕೆಳಗೆ ಮುದುರಿದ ಕಂಬಳಿಯಷ್ಟಾಗಿ ಕಂಡಿತು. ಈ ಹಾದಿಯಲ್ಲಿ ವಾರಕ್ಕೆ ಮೂರು ಸಲ ಒಬ್ಬರೇ ಕೂತು ಬರುವ ಗಂಡನನ್ನು ನೆನೆದಳು. ನಿಮ್ಮ ವಾಚು ಎಲ್ಲಾದರೂ ತೋರಿಸಿ ಎಂದದ್ದನ್ನೂ ನೆನೆದು ನಾಚಿಕೊಂಡಳು.

ಆಚೆ ಊರಿನಲ್ಲಿ ಕಟ್ಟಿಗೆ ಕೊಟ್ಟಾಗ ನಾಲ್ಕು ನಲವತ್ತೈದು. ಮೆಟ್ಟಿಲಿಳಿದು ನೋಡುತ್ತಾಳೆ, ಎದುರಿಗೆ ಗಾಲಿಕುರ್ಚಿಯಲ್ಲಿ ಗಡಿಯಾರದವರು, ಬೆನ್ನಿಗೆ ಮಡಿಸಿಟ್ಟ ಕೋಟು. ಅವರ ಹಿಂದೆ ಕುರ್ಚಿಯ ಹಿಡಿ ಹಿಡಿದು, ಪೂರ್ತಿ ನೆರೆತ ತಲೆಯ, ಸಣಕಲು ಮೈಯ ಒಬ್ಬ ಮುದುಕರು. ಅವಳ ತಂದೆ ಇದ್ದಿದ್ದರೆ ಅವರಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಾಗಿರುತ್ತಿದ್ದರು, ಅಷ್ಟೇ. ಇಷ್ಟು ಹಿರಿಯ ಮನುಷ್ಯ ಒಂಬತ್ತು ವರ್ಷ ತನ್ನನ್ನು ಅಕ್ಕಾ ಎಂದಿದ್ದರು. ಅವರೂ ಅವಳನ್ನು ನೋಡಿ, ಚೀಟಿಯ ಪುಸ್ತಕ ನೋಡಿ, ಯಾರೆಂದು ತಿಳಿದರು.

ಸಾಹೇಬರು ಆಚೆಯಣ್ಣನ ಕೈಯಲ್ಲಿ ತಲುಪಿದ ಸಮಯ ಬರೆಸಿದರು. ಅವರು ನಾಲ್ಕು ನಲವತ್ತೈದು ಎಂದೇ ಬರೆದರು. ಎರಡೂ ಚೀಟಿ ಅಕ್ಕಪಕ್ಕ ಇಟ್ಟು ಸಾಹೇಬರು ಕಳೆದರು. ನಲವತ್ತೊಂದು.

ಹಾಗಾದರೆ ಒಟ್ಟು ಸುಳ್ಳು ಆರು ನಿಮಿಷ, ನಿಮ್ಮಿಬ್ಬರಿಗೆ ಬೇಕಾಗಿರುವುದು ಹನ್ನೆರಡು, ಹಂಚಿಕೊಂಡು ಹೇಳಿ ಎಂದರು. ಮಾತಾಡಿದವರು ಗಡಿಯಾರದವರು. ಯಂತ್ರದಿಂದ ಎದ್ದು ಬಂದಿದ್ದರಿಂದ ದನಿ ಕ್ಷೀಣವಾಗಿತ್ತು, ಆದರೆ ನಡುಗಲಿಲ್ಲ.

"ಆಕೆ ಮೂರು, ಇವರು ಮೂರು ಸಾರ್. ಎರಡೂ ಕಡೆ ಹಲಗೆ ಮೇಲೆ ಬರೆಯೋ ಸಮಯಾನ ನನ್ನ ವಾಚಿನ ಜೊತೆ ಹೊಂದಿಸಿ ನೋಡ್ತಿದ್ದೆ. ಎರಡು ವರ್ಷದಿಂದ ಗೊತ್ತು. ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬರು ನನ್ನ ಕುರ್ಚಿ ತಳ್ಳೋರು. ಯಾರನ್ನ ಹಿಡಿದುಕೊಡಲಿ ಹೇಳಿ?"

ಪುಟ್ಟ ಪುಸ್ತಕವನ್ನು ಮುಂದೆ ಚಾಚಿದರು. ಸಾಹೇಬರು ನಿಂತಲ್ಲೇ ನಿಂತು ಪುಟ ಪುಟವಾಗಿ ಓದಿದರು. ಪೈಲಟ್ಟು ಬಂದು ಹೊರಡುವ ಹೊತ್ತಾಯಿತು ಎಂದು ನೆನಪಿಸುವವರೆಗೂ ಓದಿದರು. ಆಮೇಲೆ ಪೆನ್ಸಿಲ್ ತೆಗೆದು ಅಲ್ಲೇ ತೀರ್ಪು ಬರೆದರು. ಸಂಜೆಯ ವಿಮಾನ ಇರಲಿ. ಸುಳ್ಳು ಬರೆದದ್ದು ಮಾತ್ರ ಸುಳ್ಳೇ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ತನಗೆ ಅಧಿಕಾರವಿಲ್ಲ. ಇವಳಿಗೆ ಮುಖ್ಯಸ್ಥೆಯ ಕುರ್ಚಿ ಇಲ್ಲ, ಬರುವ ವರ್ಷವೂ ಇಲ್ಲ, ಅದರಾಚೆಗೂ ಇಲ್ಲ. ಅವರಿಗೆ ಪ್ರಮಾಣಪತ್ರ ಇಲ್ಲ. ಕೆಲಸದಿಂದ ತೆಗೆಯುವುದಿಲ್ಲ, ಈ ಮಾರ್ಗದ ನಿಮಿಷಗಳ ಬೆಲೆ ಇಷ್ಟು ಚೆನ್ನಾಗಿ ಕಲಿತ ಇನ್ನಿಬ್ಬರು ತನಗೆಲ್ಲಿ ಸಿಗಬೇಕು ಎಂದರು. ಅದು ತಮಾಷೆಯೋ ಅಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ.

ಆಚೆಯಣ್ಣ ಕುರ್ಚಿಯನ್ನು ಮೆಟ್ಟಿಲಿನವರೆಗೆ ತಳ್ಳಿದರು, ಅವಳು ಪಕ್ಕದಲ್ಲಿ ನಡೆದಳು. ಗೋಡೆಯ ಮೊಳೆ ಹಾಗೇ ಉಳಿಯಿತಲ್ಲ ಅಣ್ಣಾ, ನನ್ನಿಂದ ಎಂದಳು. ಅದಕ್ಕೆ ಕ್ಯಾಲೆಂಡರ್ ಹಾಕಿದರಾಯಿತು ಎಂದರು ಅವರು. ಹೇಳಿದ್ದು ಹಗುರವಾಗಿಯೇ, ಆದರೆ ಕಣ್ಣು ಹಗುರವಾಗಿರಲಿಲ್ಲ. ನಲವತ್ತು ವರ್ಷದ ಸೇವೆ ಅದು. ಇಬ್ಬರಿಗೂ ನೋವಾಗಿತ್ತು, ಇಬ್ಬರೂ ಮುಚ್ಚಿಡಲಿಲ್ಲ.

ಮರಳುವಾಗ ಮೊದಲ ಸಲ ಗಂಡನ ಪಕ್ಕದ ಸೀಟಿನಲ್ಲಿ ಕೂತಳು. ಅವರು ಅಭ್ಯಾಸದಂತೆ ವಾಚು ನೋಡಿ, ಪುಸ್ತಕ ತೆಗೆದು, ಬರೆಯುವ ಮೊದಲೇ ನಿದ್ದೆ ಹೋದರು. ಅವಳು ಅವರ ಮಣಿಕಟ್ಟನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡು, ಮುಳ್ಳು ನೋಡುತ್ತಾ ಬಂದಳು. ಈಚೆ ಕಟ್ಟಿಗೆ ಕೊಟ್ಟಾಗ ತಾನೇ ಪುಸ್ತಕದಲ್ಲಿ ನಲವತ್ತೊಂದು ಎಂದು ಬರೆದಳು.

ಮರುದಿನ ಬೆಳಿಗ್ಗೆ ಗಾಲಿಕುರ್ಚಿಯವರು ಇಬ್ಬರಿದ್ದರು, ಹತ್ತಿಸುವುದು ತಡವಾಯಿತು. ಅವಳು ಕಿಟಕಿಯಿಂದ ನೋಡಿ, ಗಡಿಯಾರ ನೋಡಿ, ಬರೆದು, ಫೋನು ಎತ್ತಿದಳು.

"ಹೊರಟಿತು ಅಣ್ಣಾ. ಒಂಬತ್ತು ಗಂಟೆ ಮೂರು ನಿಮಿಷ. ಹದಿನಾರು ಜನ."

ಆ ಕಡೆ ಅವರು ಕೆಮ್ಮಿದರು.

"ಕೆಂಪು ಗೀಟು ಬೀಳುತ್ತಲ್ಲ?"

"ಬೀಳಲಿ ಅಣ್ಣಾ."

"ಬರ್ಕೊಂಡೆ ತಂಗೀ," ಎಂದರು ಅವರು.